ಅಂಡಮಾನ್ ಪ್ರವಾಸ: ಉಬ್ಬರ-ಇಳಿತ, ಬೆಳಕು, ಹಡಗು ನೋಡಿಕೊಂಡು ದಿನ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಅಂಡಮಾನ್‌ಗೆ ಹೋಗಿ ಬಂದ ಪರಿಚಯದವರು ಹೇಳುವ ಬೇಸರಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನೀಲ್ ದ್ವೀಪದಲ್ಲಿ ತಾನಾಗಿ ಕಮಾನಿನಂತೆ ಆದ ಕಲ್ಲಿನ ಸೇತುವೆ ನೋಡಲು ಹೋದೆವು, ನೀರು ತುಂಬಿತ್ತು, ಅರ್ಧ ದಾರಿಯಿಂದ ವಾಪಸ್ ಬಂದೆವು. ಸೂರ್ಯಾಸ್ತ ನೋಡಲು ರಾಧಾನಗರ ಬೀಚಿಗೆ ಐದೂವರೆಗೆ ತಲುಪಿದೆವು, ಆಗಲೇ ಕತ್ತಲಾಗಿತ್ತು. ಸ್ಕೂಬಾವನ್ನು (ಗಾಳಿಯ ಸಿಲಿಂಡರ್ ಹೊತ್ತು ಕಡಲಾಳಕ್ಕೆ ಇಳಿಯುವುದು) ಕೊನೆಯ ದಿನಕ್ಕೆ ಇಟ್ಟಿದ್ದೆವು, ಮರುದಿನ ಬೆಳಿಗ್ಗೆ ವಿಮಾನ ಅಂದ ಕೂಡಲೇ ನೀರಿಗಿಳಿಸಲಿಲ್ಲ. ಇವರೆಲ್ಲ ದುಡ್ಡು ಖರ್ಚು ಮಾಡಿದ್ದಾರೆ, ರಜೆ ಹಾಕಿದ್ದಾರೆ, ಒಳ್ಳೆಯ ಹೋಟೆಲ್ಲಿನಲ್ಲೇ ಉಳಿದಿದ್ದಾರೆ. ಎಡವಿದ್ದು ಕ್ರಮದಲ್ಲಿ.

ನಮ್ಮ ಊರಿನಲ್ಲಿ ಜಾಗದ ಪಟ್ಟಿ ಮಾಡಿಕೊಂಡು ಸುತ್ತಿದರೆ ನಡೆಯುತ್ತದೆ. ಅಲ್ಲಿ ನಡೆಯುವುದಿಲ್ಲ. ಅಲ್ಲಿ ಯಾವ ಕೆಲಸ ಯಾವ ಹೊತ್ತಿಗೆ ಅನ್ನುವುದನ್ನು ಕಡಲು ತೀರ್ಮಾನ ಮಾಡುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಮಾಡಿ. ಎರಡನೆಯದನ್ನು ಮುಗಿಸದೆ ಮೂರನೆಯದಕ್ಕೆ ಹೋಗಬೇಡಿ.

ಮೊದಲೇ ಒಂದು ಮಾತು. ಹೆಸರುಗಳು ಬದಲಾಗಿವೆ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ್, ನೀಲ್ ಈಗ ಶಹೀದ್ ದ್ವೀಪ್. ಇವು 2018ರಲ್ಲಿ ಬದಲಾದವು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಮಾಡುವಾಗ ಎರಡೂ ಹೆಸರು ಕಾಣಬಹುದು, ಗಾಬರಿ ಬೇಡ. ಜನರ ಬಾಯಲ್ಲಿ ಹಳೆಯ ಹೆಸರೇ ಜಾಸ್ತಿ, ನಾನೂ ಅದನ್ನೇ ಬಳಸುತ್ತೇನೆ.

## ಹಂತ 1: ಮೊದಲು ತಿಂಗಳು, ಆಮೇಲೆ ತಿಥಿ

ಜನವರಿಯಿಂದ ಏಪ್ರಿಲ್ ನಡುವಿನವರೆಗೆ ಕಡಲು ಹೆಚ್ಚು ಶಾಂತ. ಮುಂಗಾರು ಕೇರಳಕ್ಕೆ ಬರುವ ಮೊದಲೇ ಅಂಡಮಾನ್ ಮುಟ್ಟುತ್ತದೆ, ಮೇ ತಿಂಗಳಲ್ಲೇ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಮಳೆ, ಅಲೆ, ರದ್ದಾಗುವ ಬೋಟುಗಳು. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಟ. ದಸರಾ ರಜೆಯಲ್ಲಿ ಹೋಗುವವರು ಇದನ್ನು ಮರೆಯುತ್ತಾರೆ. ಹೋಗಲೇಬೇಡಿ ಎನ್ನುವುದಿಲ್ಲ, ಆದರೆ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ.

ತಿಂಗಳು ಗೊತ್ತಾಯಿತು. ಈಗ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ತೆಗೆಯಿರಿ. ತಮಾಷೆಗೆ ಹೇಳುತ್ತಿಲ್ಲ. ಕಡಲಿನ ಲೆಕ್ಕ ಇರುವುದೇ ತಿಥಿಯಲ್ಲಿ. ನಮ್ಮ ಕರಾವಳಿಯ ಮೀನುಗಾರರು ಇವತ್ತಿಗೂ ತಿಥಿ ನೋಡಿ ನೀರಿನ ಜೋರು ಹೇಳುತ್ತಾರೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಸೂರ್ಯ, ಚಂದ್ರ ಎರಡೂ ಒಂದೇ ಗೆರೆಯಲ್ಲಿ ಎಳೆಯುವುದರಿಂದ ಹೀಗೆ. ಅಷ್ಟಮಿಯ ಆಸುಪಾಸಿನಲ್ಲಿ ನೀರಿನ ಏರಿಳಿತ ಸಣ್ಣದು, ಸೆಳೆತವೂ ಕಡಿಮೆ.

ಇದರಿಂದ ಮೂರು ವಿಷಯ ತಿಳಿಯುತ್ತದೆ. ಸೆಳೆತ ಕಡಿಮೆ ಇರುವ ದಿನ ನೀರೊಳಗೆ ತಿಳಿಯಾಗಿ ಕಾಣುತ್ತದೆ, ಸ್ನಾರ್ಕೆಲಿಂಗ್‌ಗೆ (ಮಾಸ್ಕ್, ಉಸಿರಿನ ಕೊಳವೆ ಹಾಕಿ ಮೇಲೆ ತೇಲುತ್ತ ನೀರೊಳಗೆ ನೋಡುವುದು), ಸ್ಕೂಬಾಗೆ ಒಳ್ಳೆಯದು. ಕಲ್ಲಿನ ಸೇತುವೆಯಂಥ ಜಾಗಕ್ಕೆ ನೀರು ಪೂರ್ತಿ ಇಳಿಯಬೇಕು, ಅದಕ್ಕೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಹತ್ತಿರದ ದಿನ ಬೇಕು. ರಾತ್ರಿ ಮಿನುಗುವ ನೀರು ನೋಡಲು ಚಂದ್ರ ಇರಬಾರದು.

ಮೂರೂ ಸಿಗುವ ಒಂದು ಅವಧಿ ಇದೆ. ಕೃಷ್ಣಪಕ್ಷದ ನವಮಿ ಅಥವಾ ದಶಮಿಯ ಸುಮಾರಿಗೆ ದ್ವೀಪ ಮುಟ್ಟಿ, ಅಮಾವಾಸ್ಯೆಯ ಹೊತ್ತಿಗೆ ಮುಗಿಸುವುದು. ಮೊದಲ ದಿನಗಳಲ್ಲಿ ನೀರು ಸೌಮ್ಯ, ಸಂಜೆಗಳೆಲ್ಲ ಕತ್ತಲು, ಕೊನೆಕೊನೆಗೆ ದೊಡ್ಡ ಇಳಿತ. ನಿಮ್ಮ ರಜೆ ಇದಕ್ಕೆ ಹೊಂದದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಮೂರರಲ್ಲಿ ನಿಮಗೆ ಮುಖ್ಯವಾದದ್ದು ಯಾವುದು ಅಂತ ಆರಿಸಿಕೊಂಡು ದಿನ ಗೊತ್ತುಮಾಡಿ.

## ಹಂತ 2: ಉಬ್ಬರ-ಇಳಿತದ ಪಟ್ಟಿ ಓದಲು ಕಲಿಯುವುದು

ತಿಥಿ ಹೇಳುವುದು ನೀರಿನ ಜೋರನ್ನು. ಗಂಟೆ ಹೇಳುವುದು ಪಟ್ಟಿ. ಪೋರ್ಟ್ ಬ್ಲೇರ್ ಮತ್ತು ಹ್ಯಾವ್‌ಲಾಕ್ ಹೆಸರಿನಲ್ಲಿ ಉಬ್ಬರ-ಇಳಿತದ ಸಮಯ ಅಂತರ್ಜಾಲದಲ್ಲಿ ಸಿಗುತ್ತದೆ. ಅಲೆ ಎಷ್ಟು ಎತ್ತರ, ಎಚ್ಚರಿಕೆ ಏನಾದರೂ ಇದೆಯಾ ಅನ್ನುವುದಕ್ಕೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಕಡಲ ಮುನ್ಸೂಚನೆ ನೋಡಿ.

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಮರುದಿನ ಎಲ್ಲವೂ ಸುಮಾರು 50 ನಿಮಿಷ ತಡ. ಇವತ್ತು ಮಧ್ಯಾಹ್ನ 1 ಗಂಟೆಗೆ ನೀರು ತಳ ಮುಟ್ಟಿದ್ದರೆ ನಾಳೆ 1:50ಕ್ಕೆ. ಇಷ್ಟು ಗೊತ್ತಿದ್ದರೆ ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ಲೆಕ್ಕ ಹಾಕಬಹುದು.

ಪ್ರವಾಸದ ಎಲ್ಲ ದಿನಗಳ ಪಟ್ಟಿಯನ್ನು ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ದಿನದ ಪಕ್ಕ ಹಗಲಿನ ಇಳಿತದ ಗಂಟೆ, ಸೂರ್ಯ ಮುಳುಗುವ ಗಂಟೆ ಎರಡನ್ನೂ ಬರೆಯಿರಿ. ಈ ಹಾಳೆ ಆದ ಮೇಲೆಯೇ ಹೋಟೆಲ್, ಟ್ಯಾಕ್ಸಿ ಮಾತು. ಹೆಚ್ಚಿನವರು ಹೋಟೆಲ್ ಮಾಡಿ ಆಮೇಲೆ ನೀರಿನ ಕಡೆ ತಿರುಗುತ್ತಾರೆ. ಅಷ್ಟರಲ್ಲಿ ಯಾವ ದಿನವನ್ನೂ ಅಲುಗಾಡಿಸಲು ಆಗುವುದಿಲ್ಲ.

## ಹಂತ 3: ದ್ವೀಪಗಳ ಸರದಿ ಗೊತ್ತುಮಾಡುವುದು

ಆರು ರಾತ್ರಿ, ಏಳು ದಿನ ಇದ್ದರೆ ನಾನು ಹೇಳುವ ಸರದಿ ಹೀಗಿದೆ.

1. ಮೊದಲ ದಿನ ಪೋರ್ಟ್ ಬ್ಲೇರ್ ತಲುಪಿ ಅಲ್ಲೇ ಉಳಿಯುವುದು. ಸೆಲ್ಯುಲರ್ ಜೈಲು ನೋಡಲು ಈ ಮಧ್ಯಾಹ್ನ ಸಾಕು.
2. ಎರಡನೇ ದಿನ ಬೆಳಗಿನ ಹಡಗಿಗೆ ಹ್ಯಾವ್‌ಲಾಕ್. ಮಧ್ಯಾಹ್ನ ರಾಧಾನಗರ ಬೀಚ್.
3. ಮೂರನೇ ದಿನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲಿಂಗ್. ರಾತ್ರಿ ಮಿನುಗುವ ನೀರು ನೋಡಲು ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ).
4. ನಾಲ್ಕನೇ ದಿನ ಬೆಳಿಗ್ಗೆ ಬೇಗ ಸ್ಕೂಬಾ. ಮಧ್ಯಾಹ್ನದ ಹಡಗಿಗೆ ನೀಲ್.
5. ಐದನೇ ದಿನ ನೀಲ್‌ನಲ್ಲಿ ಕಲ್ಲಿನ ಸೇತುವೆ, ಭರತ್‌ಪುರ, ಲಕ್ಷ್ಮಣಪುರ.
6. ಆರನೇ ದಿನ ಪೋರ್ಟ್ ಬ್ಲೇರ್‌ಗೆ ವಾಪಸ್, ಅಲ್ಲೇ ರಾತ್ರಿ.
7. ಏಳನೇ ದಿನ ವಿಮಾನ.

ಸ್ನಾರ್ಕೆಲಿಂಗ್ ಸ್ಕೂಬಾಗಿಂತ ಮೊದಲು ಬಂದಿರುವುದಕ್ಕೆ ಕಾರಣ ಇದೆ. ಬಾಯಲ್ಲಿ ಉಸಿರಾಡುವ ಅಭ್ಯಾಸ ಮೇಲೆಯೇ ಆಗಿಬಿಟ್ಟರೆ ಕೆಳಗೆ ಹೋದಾಗ ಗಾಬರಿ ಅರ್ಧ ಕಡಿಮೆಯಾಗುತ್ತದೆ. ಸ್ಕೂಬಾ ನಾಲ್ಕನೇ ದಿನ ಇರುವುದಕ್ಕೂ ಕಾರಣ ಇದೆ. ಆ ದಿನ ಕಡಲು ಕೆಟ್ಟಿದ್ದರೆ ನೀಲ್‌ನಲ್ಲಿ ಮರುದಿನ ಮಾಡಬಹುದು, ವಿಮಾನಕ್ಕೂ ಬೇಕಾದಷ್ಟು ಸಮಯ ಉಳಿಯುತ್ತದೆ.

ಈ ಪಟ್ಟಿಯಲ್ಲಿ ಬಾರಾಟಾಂಗ್ ದ್ವೀಪ ಎಲ್ಲಿ ಅಂತ ಕೇಳುತ್ತೀರಿ. ನಾನು ಬೇಕಂತಲೇ ಬಿಟ್ಟಿದ್ದೇನೆ. ಸುಣ್ಣದಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿಗೆ ನಸುಕಿನಲ್ಲೇ ಎದ್ದು ಹೊರಡಬೇಕು, ಪೂರ್ತಿ ಒಂದು ದಿನ ಹೋಗುತ್ತದೆ. ದಾರಿ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ಮಧ್ಯೆ ಹಾಯುತ್ತದೆ. ಜಿರ್ಕಾಟಾಂಗ್ ಗೇಟಿನಿಂದ ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ನಡುವೆ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ, ಇದೆಲ್ಲ ಕಾನೂನಿನಲ್ಲಿ ಅಪರಾಧ. ಆದರೂ ಕಿಟಕಿಯಿಂದ ಇಣುಕಿ ಹುಡುಕುವವರೇ ಜಾಸ್ತಿ. ಅದು ಅವರ ಮನೆ. ಗುಹೆ ನೋಡಬೇಕೆಂಬ ಆಸೆ ನಿಜವಾಗಿ ಇದ್ದರೆ ಒಂದು ದಿನ ಹೆಚ್ಚು ಸೇರಿಸಿಕೊಂಡು ಹೋಗಿ, ಕ್ಯಾಮೆರಾ ಚೀಲದೊಳಗೆ ಇರಲಿ.

## ಹಂತ 4: ಹಡಗಿನ ಟಿಕೆಟ್

ಮೊದಲು ವಿಮಾನ, ಎರಡನೆಯದು ಹಡಗು, ಮೂರನೆಯದು ಹೋಟೆಲ್. ಸೀಸನ್‌ನಲ್ಲಿ ಹ್ಯಾವ್‌ಲಾಕ್ ಹಡಗಿನ ಸೀಟುಗಳು ಹೋಟೆಲ್ ರೂಮುಗಳಿಗಿಂತ ಮೊದಲು ಮುಗಿಯುತ್ತವೆ.

ಸರ್ಕಾರಿ ಹಡಗೂ ಇದೆ, ಖಾಸಗಿಯೂ ಇದೆ. ಸರ್ಕಾರಿಯದು ಅಗ್ಗ, ಹ್ಯಾವ್‌ಲಾಕ್‌ಗೆ ಎರಡೂವರೆ ಗಂಟೆಯ ಸುಮಾರು. ಖಾಸಗಿಯವು ಒಂದೂವರೆಯಿಂದ ಎರಡು ಗಂಟೆ. ಎರಡೂ ಒಂದೇ ಜಾಗದಿಂದ ಹೊರಡುವುದಿಲ್ಲ. ಸರ್ಕಾರಿಯವು ಫೀನಿಕ್ಸ್ ಬೇ ಜೆಟ್ಟಿಯಿಂದ, ಖಾಸಗಿಯವು ಹೆಚ್ಚಾಗಿ ಹಡ್ಡೋ ಧಕ್ಕೆಯಿಂದ. ಟಿಕೆಟಿನಲ್ಲಿ ಯಾವುದು ಬರೆದಿದೆ ನೋಡಿ ಆಟೋ ಹತ್ತಿ. ಒಂದು ಗಂಟೆ ಮೊದಲು ಅಲ್ಲಿರಬೇಕು. ಗುರುತಿನ ಚೀಟಿಯ ಅಸಲು ಪ್ರತಿ ಕೈಯಲ್ಲಿರಲಿ, ಮಕ್ಕಳದ್ದೂ ಕೂಡ.

ವಾಂತಿ ಬರುವವರು ಮನೆಯಲ್ಲಿದ್ದರೆ ಮಧ್ಯದ ಅಥವಾ ಹಿಂದಿನ ಸಾಲಿನ ಸೀಟು ಆರಿಸಿ. ಮುಂಭಾಗ ಜಾಸ್ತಿ ಕುಣಿಯುತ್ತದೆ. ಮಾತ್ರೆ ತೆಗೆದುಕೊಳ್ಳುವುದಿದ್ದರೆ ವೈದ್ಯರನ್ನು ಕೇಳಿ, ಹಡಗು ಹತ್ತುವ ಅರ್ಧ-ಮುಕ್ಕಾಲು ಗಂಟೆ ಮೊದಲೇ ನುಂಗಬೇಕು. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮೊಬೈಲ್ ನೋಡಬೇಡಿ, ದೂರದ ಗೆರೆ ನೋಡುತ್ತ ಕೂರಿ. ನನ್ನ ಅಮ್ಮ ಒಂದು ತುಂಡು ಹಸಿ ಶುಂಠಿ ಬಾಯಲ್ಲಿಟ್ಟುಕೊಂಡು ಎರಡು ಗಂಟೆ ಆರಾಮಾಗಿ ಬಂದರು. ಪಕ್ಕದಲ್ಲಿ ಫೋನ್ ಒತ್ತುತ್ತಿದ್ದ ನನಗೇ ಕಷ್ಟವಾಯಿತು.

ಇಲ್ಲಿ ಎಲ್ಲರೂ ಮಾಡುವ ದೊಡ್ಡ ತಪ್ಪು ಒಂದಿದೆ. ಹ್ಯಾವ್‌ಲಾಕ್ ಅಥವಾ ನೀಲ್‌ನಿಂದ ಬೆಳಿಗ್ಗೆ ಹೊರಟು ಅದೇ ದಿನ ವಿಮಾನ ಹಿಡಿಯುವುದು. ಗಾಳಿ ಜೋರಾದರೆ ಹಡಗು ನಿಲ್ಲುತ್ತದೆ. ಯಾರೂ ಏನೂ ಮಾಡಲಾಗುವುದಿಲ್ಲ. ನನ್ನ ಸ್ನೇಹಿತನ ಕುಟುಂಬ ಹೀಗೆ ನೀಲ್ ಜೆಟ್ಟಿಯಲ್ಲಿ ಸೂಟ್‌ಕೇಸ್ ಹಿಡಿದು ಕೂತಿತ್ತು. ಬೆಂಗಳೂರಿನ ಐದು ಟಿಕೆಟ್ ಹೋಯಿತು. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ.

## ಹಂತ 5: ಚೀಲಕ್ಕೆ ಏನೇನು

ಬಟ್ಟೆ ಕಡಿಮೆ ಇರಲಿ, ಈ ಸಾಮಾನು ಮರೆಯಬೇಡಿ.

ತುಂಬುತೋಳಿನ, ಮೈಗಂಟುವ ಈಜು ಅಂಗಿ ಎಲ್ಲಕ್ಕಿಂತ ಮುಖ್ಯ. ಸ್ನಾರ್ಕೆಲಿಂಗ್‌ನಲ್ಲಿ ಮುಖ ನೀರಿನಲ್ಲಿ, ಬೆನ್ನು ಬಿಸಿಲಿಗೆ. ತಣ್ಣಗಿರುವುದರಿಂದ ಸುಡುವುದು ಗೊತ್ತೇ ಆಗುವುದಿಲ್ಲ, ರಾತ್ರಿ ಅಂಗಾತ ಮಲಗಲಾಗುವುದಿಲ್ಲ. ಅಂಗಿ ಇದ್ದರೆ ಸನ್‌ಸ್ಕ್ರೀನ್ ಕಡಿಮೆ ಸಾಕು. ಅದರಲ್ಲಿನ ಕೆಲವು ರಾಸಾಯನಿಕ ಹವಳಕ್ಕೆ ಒಳ್ಳೆಯದಲ್ಲ.

ರಬ್ಬರ್ ಅಡಿಯ ನೀರಿನ ಬೂಟು ಬೇಕು. ಹವಾಯಿ ಚಪ್ಪಲಿ ಬಂಡೆಯ ಮೇಲೆ ಜಾರುತ್ತದೆ, ಅಲೆಗೆ ಕಳಚಿ ಹೋಗುತ್ತದೆ. ನೀರು ಒಳಗೆ ಹೋಗದ ಚೀಲ ಒಂದು ಇರಲಿ, ಹಾಗೇ ಆನ್‌ಲೈನ್ ಪಾವತಿಯನ್ನು ತೀರಾ ನೆಚ್ಚಿಕೊಳ್ಳದೆ ನಗದು ಕೂಡ. ಹ್ಯಾವ್‌ಲಾಕ್, ನೀಲ್‌ನಲ್ಲಿ ಎಟಿಎಂಗಳು ಕಡಿಮೆ, ಆನ್‌ಲೈನ್ ಪಾವತಿ ನೆಟ್‌ವರ್ಕ್ ಬಂದಾಗ ಮಾತ್ರ ನಡೆಯುತ್ತದೆ.

ಕೊಬ್ಬರಿ ಎಣ್ಣೆ ಒಂದು ಸಣ್ಣ ಬಾಟಲಿ. ತಲೆಗಲ್ಲ, ಕಾಲಿಗೆ. ಬೆಳಗಿನ ಜಾವ, ಸಂಜೆ ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಚ್ಚುತ್ತದೆ. ಎರಡು ದಿನ ಬಿಟ್ಟು ಕೆಂಪಗೆ ಊದಿ ವಾರಗಟ್ಟಲೆ ಕೆರೆತ. ಮೊಣಕಾಲಿನವರೆಗೆ ಎಣ್ಣೆ ದಪ್ಪಗೆ ಹಚ್ಚಿದರೆ ಕಚ್ಚುವುದು ಕಡಿಮೆ. ಬರೀ ಮರಳಿನ ಮೇಲೆ ಕೂರಬೇಡಿ, ಬಟ್ಟೆ ಹಾಸಿ. ಕಚ್ಚಿದರೆ ಕೆರೆಯಬೇಡಿ.

ಕನ್ನಡಕ ಹಾಕುವವರು ಕಾಂಟ್ಯಾಕ್ಟ್ ಲೆನ್ಸ್ ತರಲಿ, ಅಥವಾ ಪವರ್ ಇರುವ ಮಾಸ್ಕ್ ಇದೆಯಾ ಅಂತ ಮೊದಲೇ ಕೇಳಲಿ.

## ಹಂತ 6: ದಿನವನ್ನು ಒಂದು ಗಂಟೆ ಮುಂಚೆ ಶುರುಮಾಡುವುದು

ಅಂಡಮಾನ್ ನಮಗಿಂತ ಎಷ್ಟೋ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರ್ ಮಧ್ಯದಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ಮುಳುಗುವುದು ಸಂಜೆ 5 ಗಂಟೆ ಸುಮಾರಿಗೆ. ಬೆಂಗಳೂರಿನಲ್ಲಿ ಆಗ ಆರಕ್ಕೆ ಹತ್ತಿರ. ಬೆಳಿಗ್ಗೆ ಐದೂವರೆಗೇ ಸೂರ್ಯ ಮೇಲಿರುತ್ತಾನೆ.

ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಎಂಟೂವರೆಗೆ ತಿಂಡಿ ತಿಂದು ಹತ್ತಕ್ಕೆ ಹೊರಡುತ್ತಾರೆ. ದಿನದ ಒಳ್ಳೆಯ ಹೊತ್ತು ಆಗಲೇ ಮುಗಿದಿರುತ್ತದೆ. ಬೆಳಿಗ್ಗೆ ಗಾಳಿ ಕಡಿಮೆ, ನೀರು ನಿಶ್ಚಲ, ಜನವೂ ಕಡಿಮೆ. ಐದಕ್ಕೆ ಎದ್ದು ಆರೂವರೆಗೆ ನೀರಿನ ಹತ್ತಿರ ಇರಿ. ರಾತ್ರಿ ಒಂಬತ್ತಕ್ಕೆ ಮಲಗಿ. ಎರಡು ದಿನದಲ್ಲಿ ಒಗ್ಗುತ್ತದೆ.

ಸೂರ್ಯಾಸ್ತ ನೋಡಲು ರಾಧಾನಗರಕ್ಕೆ ಮೂರೂವರೆಯೊಳಗೆ ತಲುಪಬೇಕು. ಜೆಟ್ಟಿಯಿಂದ ಅದು ದ್ವೀಪದ ಇನ್ನೊಂದು ಬದಿ, ಇಪ್ಪತ್ತು-ಮೂವತ್ತು ನಿಮಿಷ ರಸ್ತೆಯಲ್ಲೇ ಹೋಗುತ್ತದೆ. ಹ್ಯಾವ್‌ಲಾಕ್‌ನ ಕಾಲಾಪತ್ಥರ್ ಪೂರ್ವಕ್ಕೆ ಮುಖ ಮಾಡಿದೆ, ಅಲ್ಲಿಗೆ ಸಂಜೆ ಹೋಗಿ ಸೂರ್ಯನನ್ನು ಹುಡುಕಬೇಡಿ, ಬೆಳಿಗ್ಗೆ ಹೋಗಿ. ನೀಲ್‌ನಲ್ಲಿ ಸೀತಾಪುರ ಬೆಳಿಗ್ಗೆಗೆ, ಲಕ್ಷ್ಮಣಪುರ ಸಂಜೆಗೆ.

## ಹಂತ 7: ಎಲಿಫೆಂಟ್ ಬೀಚ್ ಮತ್ತು ಸ್ನಾರ್ಕೆಲಿಂಗ್

ಹ್ಯಾವ್‌ಲಾಕ್ ಜೆಟ್ಟಿಯಿಂದ ಸ್ಪೀಡ್ ಬೋಟಿನಲ್ಲಿ ಇಪ್ಪತ್ತು ನಿಮಿಷದ ಸುಮಾರು. ಕಾಡಿನ ಕಾಲುದಾರಿಯೂ ಇದೆ, ಮಳೆ ಬಂದರೆ ಕೆಸರು. ಬೆಳಗಿನ ಮೊದಲ ಬೋಟಿಗೇ ಹೋಗಿ. ಬೆನ್ನುನೋವು ಇರುವವರು ಬೋಟಿನ ಹಿಂಭಾಗದಲ್ಲಿ ಕೂರಬೇಕು, ಮೂತಿಯ ಕಡೆ ಪ್ರತಿ ಅಲೆಗೂ ಎತ್ತಿ ಹಾಕುತ್ತದೆ. ಬಸುರಿಯರು ಈ ಬೋಟು ಹತ್ತದಿರುವುದೇ ಒಳ್ಳೆಯದು. ಟಿಕೆಟ್ ತೆಗೆದುಕೊಳ್ಳುವಾಗ ಏನು ಸೇರಿದೆ, ಯಾವುದಕ್ಕೆ ಬೇರೆ ದುಡ್ಡು, ಎಷ್ಟು ನಿಮಿಷ ನೀರಿನಲ್ಲಿ ಅನ್ನುವ ಮೂರು ಪ್ರಶ್ನೆ ಕೇಳಿ.

ಮಾಸ್ಕ್ ಸರಿಯಾಗಿದ್ದರೆ ಸ್ನಾರ್ಕೆಲಿಂಗ್ ಮುಕ್ಕಾಲು ಪಾಲು ಸಲೀಸು. ಹೀಗೆ ಪರೀಕ್ಷೆ ಮಾಡಿ.

1. ಪಟ್ಟಿ ಹಾಕದೆ ಮಾಸ್ಕನ್ನು ಸುಮ್ನೆ ಮುಖಕ್ಕೆ ಒತ್ತಿ, ಮೂಗಿನಲ್ಲಿ ಉಸಿರು ಒಳಗೆಳೆದು ಕೈ ಬಿಡಿ. ಬೀಳದೆ ನಿಂತರೆ ನಿಮ್ಮ ಮುಖಕ್ಕೆ ಸರಿ. ಬಿದ್ದರೆ ಬೇರೆ ಕೇಳಿ, ಸಂಕೋಚ ಬೇಡ.
2. ಕೂದಲಿನ ಒಂದು ಎಳೆಯೂ ಅಂಚಿನ ಕೆಳಗೆ ಸಿಕ್ಕಿರಬಾರದು. ಮೀಸೆ ಇದ್ದರೆ ಅದರ ಮೇಲ್ಭಾಗಕ್ಕೆ ತುಟಿಗೆ ಹಚ್ಚುವ ಬಾಮ್ ಸವರಿ, ನೀರು ಜಿನುಗುವುದು ಕಡಿಮೆಯಾಗುತ್ತದೆ.
3. ಪಟ್ಟಿಯನ್ನು ಬಿಗಿದು ಕಟ್ಟಬೇಡಿ. ಬಿಗಿದಷ್ಟೂ ಅಂಚು ಸುಕ್ಕಾಗಿ ಸೋರುತ್ತದೆ.
4. ಗಾಜಿನ ಒಳಗೆ ಉಗುಳು ಸವರಿ ಒಮ್ಮೆ ಜಾಲಾಡಿಸಿ. ಮಂಜು ಕಟ್ಟುವುದಿಲ್ಲ.
5. ಸೊಂಟದುದ್ದ ನೀರಿನಲ್ಲಿ ನಿಂತು ಮುಖ ಮಾತ್ರ ಅದ್ದಿ, ನಿಧಾನಕ್ಕೆ ಇಪ್ಪತ್ತು ಬಾರಿ ಉಸಿರಾಡಿ. ಇದಾಗುವವರೆಗೆ ಆಳಕ್ಕೆ ಹೋಗಬೇಡಿ.

ಕೊಳವೆಗೆ ನೀರು ಬಂದರೆ ಕಿತ್ತು ತೆಗೆಯಬೇಡಿ. ಗಟ್ಟಿಯಾಗಿ ಒಮ್ಮೆ ಊದಿ, ನೀರು ಚಿಮ್ಮಿ ಹೋಗುತ್ತದೆ. ಎಲಿಫೆಂಟ್ ಬೀಚಿನಲ್ಲಿ ಗಾಳಿ ತುಂಬಿದ ರಬ್ಬರ್ ಟ್ಯೂಬ್ ಕೊಟ್ಟು ಗೈಡ್ ಎಳೆದುಕೊಂಡು ಹೋಗುತ್ತಾರೆ, ಈಜು ಬಾರದವರೂ ಹೋಗಬಹುದು. ಲೈಫ್ ಜಾಕೆಟಿನ ಎಲ್ಲ ಬಕಲ್ ಹಾಕಿಸಿಕೊಳ್ಳಿ, ಕಾಲಿನ ನಡುವಿನ ಪಟ್ಟಿ ಇದ್ದರೆ ಅದನ್ನೂ. ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮೇಲೆ ಹೋಗುತ್ತದೆ, ನೀವು ಕೆಳಗೆ.

ದಣಿದಾಗ ನಿಲ್ಲಲು ಕಾಲು ಹುಡುಕಬೇಡಿ. ಕಲ್ಲಿನಂತೆ ಕಾಣುವುದು ಹವಳ, ಜೀವ ಇರುವುದು. ಒಂದು ಒದೆತಕ್ಕೆ ಮುರಿದದ್ದು ಮತ್ತೆ ಬೆಳೆಯಲು ವರ್ಷಗಳು ಬೇಕು. ನಿಮ್ಮ ಕಾಲೂ ಕೊಯ್ಯುತ್ತದೆ, ಆ ಗಾಯ ಬೇಗ ಮಾಯುವುದಿಲ್ಲ. ಬೆನ್ನ ಮೇಲೆ ತಿರುಗಿ ತೇಲುತ್ತ ಸುಧಾರಿಸಿಕೊಳ್ಳಿ.

## ಹಂತ 8: ಸ್ಕೂಬಾ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮಿಕ್ಕದ್ದರಲ್ಲಿ ತಪ್ಪಿದರೆ ಬೇಸರ ಆಗುತ್ತದೆ, ಇದರಲ್ಲಿ ತಪ್ಪಿದರೆ ಜೀವಕ್ಕೆ ಅಪಾಯ.

ಹೋಗುವ ಮುನ್ನ. ಮೊದಲ ಬಾರಿಯ ಸ್ಕೂಬಾಗೆ ಈಜು ಬರಬೇಕಿಲ್ಲ, ಹತ್ತು ವರ್ಷ ತುಂಬಿರಬೇಕು. ತರಬೇತುದಾರ ಹಿಂದಿನಿಂದ ಹಿಡಿದೇ ಇರುತ್ತಾರೆ. ಆಳ 12 ಮೀಟರ್ ದಾಟುವಂತಿಲ್ಲ. ಉಬ್ಬಸ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ಊರಿನಲ್ಲೇ ವೈದ್ಯರನ್ನು ಕೇಳಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಅಲ್ಲಿ ಒಂದು ಆರೋಗ್ಯದ ಅರ್ಜಿ ಕೊಡುತ್ತಾರೆ. ದುಡ್ಡು ಕಟ್ಟಾಗಿದೆ ಅಂತ ಎಲ್ಲದಕ್ಕೂ "ಇಲ್ಲ" ಅಂತ ಗೀಚಬೇಡಿ.

ಕೇಂದ್ರ ಆರಿಸುವಾಗ ಒಬ್ಬ ತರಬೇತುದಾರನಿಗೆ ಎಷ್ಟು ಜನ, ಪಾಡಿ ಅಥವಾ ಎಸ್‌ಎಸ್‌ಐ (ಸ್ಕೂಬಾ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆಗಳು) ಪರವಾನಗಿ ಇದೆಯಾ, ಆಳಕ್ಕೆ ಹೋಗುವ ಮೊದಲು ಕಡಿಮೆ ನೀರಿನಲ್ಲಿ ಎಷ್ಟು ಹೊತ್ತು ಕಲಿಸುತ್ತಾರೆ ಅಂತ ಕೇಳಿ. ಕಲಿಸುವ ಹೊತ್ತನ್ನು ಹತ್ತು ನಿಮಿಷಕ್ಕೆ ಮುಗಿಸುವ ಕಡೆ ನಾನು ಹೋಗುವುದಿಲ್ಲ. ನನ್ನ ಮೊದಲ ಸಲ ಹಾಗೇ ಆಗಿತ್ತು. ಕಿವಿ ನೋಯುತ್ತಿದೆ ಎಂದು ಹೇಳುವ ಸನ್ನೆಯನ್ನೇ ನನಗೆ ಕಲಿಸಿರಲಿಲ್ಲ, ಮೂರು ದಿನ ಕಿವಿ ಮುಚ್ಚಿಕೊಂಡಿತ್ತು.

ಹಿಂದಿನ ರಾತ್ರಿ. ಮದ್ಯ ಬೇಡ. ಬೆಳಿಗ್ಗೆ ಬಾಳೆಹಣ್ಣು, ಬ್ರೆಡ್ ಥರ ಹಗುರ ತಿಂಡಿ. ಶೀತ, ಮೂಗು ಕಟ್ಟಿದ್ದರೆ ಹೋಗಲೇಬಾರದು. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರೆ ಅದರ ಪ್ರಭಾವ ಕೆಳಗಿರುವಾಗಲೇ ಇಳಿಯಬಹುದು. ನಿದ್ದೆ ತರಿಸುವ ಹಡಗಿನ ಮಾತ್ರೆಯೂ ಆ ದಿನ ಬೇಡ.

ಕೆಳಗೆ. ಕಿವಿಯ ಒತ್ತಡ ಮೊದಲ ಮೀಟರ್‌ನಿಂದಲೇ ಶುರು. ಮೂಗು ಹಿಡಿದು ಮೆಲ್ಲಗೆ ಊದಿ, ಕಿವಿ ಟಪ್ ಅನ್ನಬೇಕು. ನೋವು ಬರುವ ಮೊದಲೇ ಇದನ್ನು ಮಾಡುತ್ತಿರಬೇಕು. ನೋವು ಬಂದರೆ ಜೋರಾಗಿ ಊದಬೇಡಿ, ಕಿವಿ ತೋರಿಸಿ ಅಂಗೈ ಅಲುಗಾಡಿಸಿ, ಸ್ವಲ್ಪ ಮೇಲೆ ಕರೆದುಕೊಂಡು ಹೋಗುತ್ತಾರೆ.

ಉಸಿರನ್ನು ಯಾವತ್ತೂ ಹಿಡಿಯಬೇಡಿ. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ, ಹಿಡಿದಿಟ್ಟರೆ ಶ್ವಾಸಕೋಶ ಹರಿಯಬಹುದು. ಗಾಬರಿಯಾದರೂ ಉಸಿರಾಡುತ್ತಲೇ ಇರಿ.

ಹೆಬ್ಬೆರಳು ಎತ್ತಬೇಡಿ. ನಮ್ಮಲ್ಲಿ ಅದು "ಸೂಪರ್". ನೀರೊಳಗೆ ಅದರ ಅರ್ಥ "ಮೇಲೆ ಹೋಗೋಣ". ಖುಷಿಯಲ್ಲಿ ಹೆಬ್ಬೆರಳು ತೋರಿಸಿ ಐದು ನಿಮಿಷಕ್ಕೆ ಮೇಲೆ ಬಂದವರು ಬಹಳ ಜನ. ಎಲ್ಲ ಸರಿ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ.

ಆಮೇಲೆ. ವಿಮಾನಕ್ಕೆ ಪೂರ್ತಿ 24 ಗಂಟೆ ಅಂತರ ಇಡಿ. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಹೊರಹೋಗಲು ಸಮಯ ಬೇಕು. ವಿಮಾನದೊಳಗೆ ಒತ್ತಡ ಕಡಿಮೆ, ಅಲ್ಲಿ ಅದು ಗುಳ್ಳೆಗಳಾಗಿ ಕೀಲು, ನರಗಳಲ್ಲಿ ಸಿಕ್ಕಿಕೊಳ್ಳಬಹುದು. ಸ್ಕೂಬಾ ಆದ ದಿನ ಕೀಲುನೋವು, ಜೋಮು, ತಲೆಸುತ್ತು, ಉಸಿರು ಕಟ್ಟುವುದು, ವಿಪರೀತ ಸುಸ್ತು ಕಂಡರೆ ಬಿಸಿಲಿನ ದಣಿವು ಅಂದುಕೊಂಡು ಮಲಗಬೇಡಿ. ಕೇಂದ್ರದವರಿಗೆ ಹೇಳಿ ತಕ್ಷಣ ಆಸ್ಪತ್ರೆಗೆ ಹೋಗಿ.

## ಹಂತ 9: ರಾತ್ರಿಯ ಕಯಾಕ್

ಹ್ಯಾವ್‌ಲಾಕ್‌ನ ಮ್ಯಾಂಗ್ರೋವ್ (ಕಾಂಡ್ಲಾ) ಕಾಡಿನ ಪಕ್ಕ ಹುಟ್ಟು ಹಾಕಿದಾಗ ನೀರು ನೀಲಿಯಾಗಿ ಮಿನುಗುತ್ತದೆ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅಲುಗಾಡಿದಾಗ ಬೆಳಗುತ್ತವೆ. ಇದಕ್ಕೆ ಕತ್ತಲು ಬೇಕು. ಶುಕ್ಲಪಕ್ಷದಲ್ಲಿ ಸಂಜೆಯೇ ಚಂದ್ರ ಇರುವುದರಿಂದ ದುಡ್ಡು ದಂಡ. ಕೃಷ್ಣಪಕ್ಷದ ಅಷ್ಟಮಿ ದಾಟಿದ ಮೇಲೆ ಚಂದ್ರ ಬರುವುದು ನಡುರಾತ್ರಿಯ ನಂತರ.

ಮೊಬೈಲ್ ಫೋಟೊದಲ್ಲಿ ಇದು ಬರುವುದಿಲ್ಲ, ಫೋನ್ ಬೆಳಕಿಗೆ ಕಣ್ಣೂ ಮಂಕಾಗುತ್ತದೆ. ಫೋನ್ ದಡದಲ್ಲಿ ಬಿಡಿ. ಗೈಡ್ ಇಲ್ಲದೆ ರಾತ್ರಿ ಮ್ಯಾಂಗ್ರೋವ್ ಕಡೆ ಹೋಗಲೇಬಾರದು, ಅದು ಮೊಸಳೆಯ ಜಾಗ.

## ಹಂತ 10: ನೀಲ್‌ನ ಕಲ್ಲಿನ ಸೇತುವೆ

ನಿಮ್ಮ ಹಾಳೆ ತೆಗೆಯಿರಿ. ಐದನೇ ದಿನದ ಹಗಲಿನ ಇಳಿತ ಎಷ್ಟು ಗಂಟೆಗೆ ಬರೆದಿದ್ದೀರಿ? ಅದಕ್ಕೆ ಒಂದೂವರೆ ಗಂಟೆ ಮೊದಲು ಅಲ್ಲಿರಿ. ಇಳಿಯುವ ನೀರಿನ ಹಿಂದೆ ನಡೆದು ಹೋಗಬೇಕು, ಏರುವ ನೀರು ಶುರುವಾಗುವಾಗ ವಾಪಸ್ ಹೊರಟಿರಬೇಕು.

ದಾರಿ ಬಂಡೆಯದು, ಹವಳದ ಸತ್ತ ಚೂರುಗಳದ್ದು, ಪಾಚಿ ಇರುವಲ್ಲಿ ಜಾರುತ್ತದೆ. ಅಜ್ಜ-ಅಜ್ಜಿ ಜೊತೆಗಿದ್ದರೆ ಒಂದು ಕೋಲು ತೆಗೆದುಕೊಳ್ಳಿ, ಆತುರ ಮಾಡಬೇಡಿ. ಸೇತುವೆ ಒಂದನ್ನೇ ನೋಡಿ ಫೋಟೊ ತೆಗೆದು ತಿರುಗುವವರು ಅರ್ಧ ಕಳೆದುಕೊಳ್ಳುತ್ತಾರೆ. ನೀರು ಇಳಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಸಣ್ಣ ಮೀನು, ಏಡಿ, ಕಡಲಸೌತೆ, ಜೀವಂತ ಹವಳ ಉಳಿದಿರುತ್ತವೆ. ಅಲ್ಲಿನ ಗೈಡ್ ಒಬ್ಬರನ್ನು ಕರೆದುಕೊಂಡರೆ ನಮಗೆ ಕಾಣದ್ದನ್ನೆಲ್ಲ ತೋರಿಸುತ್ತಾರೆ. ಯಾವುದನ್ನೂ ಕೈಗೆತ್ತಿಕೊಳ್ಳಬೇಡಿ, ಗೈಡ್ ಎತ್ತಿಕೊಟ್ಟರೂ ಬೇಡ ಅನ್ನಿ.

ಕಲ್ಲಿನಂತೆ ಬಿದ್ದುಕೊಂಡಿರುವ ಕಲ್ಲುಮೀನು, ಮುಳ್ಳುಚೆಂಡಿನಂಥ ಕಡಲ ಜೀವಿ ಇಲ್ಲೇ ಇರುವುದು. ಬೂಟು ಇಲ್ಲದೆ ಕಾಲಿಡಬೇಡಿ. ಚುಚ್ಚಿದರೆ ತಾಳುವಷ್ಟು ಬಿಸಿ ನೀರಿನಲ್ಲಿ ಕಾಲು ಮುಳುಗಿಸಿ, ಆಸ್ಪತ್ರೆಗೆ ಹೊರಡಿ.

ಭರತ್‌ಪುರ ಬೀಚ್ ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ಇಳಿದಾಗ ಗಾಜಿನ ತಳದ ಬೋಟು ಹವಳದ ಮೇಲೆ ಹೋಗಲಾರದು. ಉಬ್ಬರದ ಹೊತ್ತಿಗೆ ಅಲ್ಲಿಗೆ, ಇಳಿತದ ಹೊತ್ತಿಗೆ ಸೇತುವೆಗೆ. ಬಹಳ ಜನ ಟ್ಯಾಕ್ಸಿಯವರ ಸರದಿಯಲ್ಲೇ ಹೋಗಿ ಎರಡೂ ಕಡೆ ತಪ್ಪು ಹೊತ್ತಿಗೆ ನಿಲ್ಲುತ್ತಾರೆ. ನಿಮ್ಮ ಗಂಟೆಗಳನ್ನು ಹಿಂದಿನ ರಾತ್ರಿಯೇ ಚಾಲಕರಿಗೆ ಹೇಳಿ.

## ಹಂತ 11: ನೀರಿಗಿಳಿಯುವ ಮುನ್ನ ನೋಡಬೇಕಾದ ಸೂಚನೆಗಳು

ಮೊಸಳೆ ಫಲಕ ಇರುವಲ್ಲಿ ಮೊಣಕಾಲುದ್ದವೂ ಇಳಿಯಬೇಡಿ. ಉಪ್ಪುನೀರಿನ ಮೊಸಳೆ ಕಡಲಲ್ಲೂ ಈಜುತ್ತದೆ. ರಾಧಾನಗರದ ಪಕ್ಕದ ನೀಲ್ಸ್ ಕೋವ್‌ನಲ್ಲಿ 2010ರಲ್ಲಿ ಒಬ್ಬ ಪ್ರವಾಸಿ ಮೊಸಳೆಗೆ ಬಲಿಯಾದರು. ತೊರೆ ಕಡಲು ಸೇರುವ ಜಾಗ, ಮ್ಯಾಂಗ್ರೋವ್ ಅಂಚು, ಮುಸ್ಸಂಜೆ, ಈ ಮೂರರಿಂದಲೂ ದೂರ ಇರಿ. ಬಲೆ ಕಟ್ಟಿದ ಜಾಗ ಇದ್ದರೆ ಅದರೊಳಗೇ ಈಜಿ.

ಅಲೆಗಳ ಸಾಲಿನ ನಡುವೆ ಒಂದು ಕಡೆ ಮಾತ್ರ ನೀರು ಅಲೆ ಇಲ್ಲದೆ ಸಪಾಟಾಗಿ, ಗಾಢ ಬಣ್ಣದಲ್ಲಿ ಕಂಡರೆ ಅದು ಶಾಂತ ಜಾಗ ಅಂದುಕೊಳ್ಳಬೇಡಿ. ನೀರು ಒಳಕ್ಕೆ ಎಳೆಯುತ್ತಿರುವುದು ಅಲ್ಲೇ. ಸಿಕ್ಕಿಬಿದ್ದರೆ ದಡದ ಕಡೆ ಹೋರಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಿ. ಈಜು ಬಾರದಿದ್ದರೆ ತೇಲುತ್ತ ಕೈ ಎತ್ತಿ ಕೂಗಿ.

ಲೋಳೆಮೀನು (ಜೆಲ್ಲಿಫಿಶ್) ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಕಡಲ ನೀರಿನಲ್ಲೇ ತೊಳೆಯಿರಿ. ತುರ್ತಿಗೆ 112, ಕಡಲಿನಲ್ಲಿ ಅಪಾಯ ಆದರೆ ಕರಾವಳಿ ರಕ್ಷಣಾ ಪಡೆಯ 1554.

## ಹಂತ 12: ಕೊನೆಯ ದಿನ

ಪೋರ್ಟ್ ಬ್ಲೇರ್ ತಲುಪಿದ ಮಧ್ಯಾಹ್ನ ಸಮಯ ಉಳಿದರೆ ರಾಸ್ ದ್ವೀಪಕ್ಕೆ ಹೋಗಿ, ಈಗ ಅದು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ್. ಬೋಟು ಹತ್ತಿರದ್ದು, ನಡೆದಾಡಿಕೊಂಡು ನೋಡಬಹುದು. ಅಂದು ತೆರೆದಿದೆಯಾ ಅಂತ ಬೆಳಿಗ್ಗೆ ಕೇಳಿಕೊಳ್ಳಿ.

ರಾತ್ರಿ ಚೀಲ ಕಟ್ಟುವ ಮೊದಲು ಒಂದು ಕೆಲಸ ಇದೆ, ಇದನ್ನು ನೀಲ್ ಬಿಡುವ ಬೆಳಿಗ್ಗೆಯೇ ಮಾಡಿದರೆ ಇನ್ನೂ ಒಳ್ಳೆಯದು. ಮಕ್ಕಳ ಚಡ್ಡಿ ಜೇಬು, ಆಟದ ಬಕೆಟ್ಟು, ಬೂಟಿನ ಒಳಗೆ ನೋಡಿ. ಚಿಪ್ಪು, ಹವಳದ ತುಂಡು ಸಿಕ್ಕೇ ಸಿಗುತ್ತದೆ. ಹವಳ ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಸತ್ತ ಚೂರು ಒಯ್ಯುವುದೂ ಅಪರಾಧ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಚೀಲ ಬಿಚ್ಚಿಸುತ್ತಾರೆ, ಮಗು ಅಳುತ್ತ ನಿಲ್ಲುತ್ತದೆ. ನನ್ನ ಮಗಳ ಜೇಬಿನಲ್ಲಿ ಏಳು ಚಿಪ್ಪು ಇದ್ದವು. ಜೆಟ್ಟಿಗೆ ಹೋಗುವ ದಾರಿಯಲ್ಲಿ ಭರತ್‌ಪುರದಲ್ಲಿ ಐದು ನಿಮಿಷ ನಿಂತೆವು. ಅವಳೇ ಒಂದೊಂದಾಗಿ ನೀರಿನ ಅಂಚಿನಲ್ಲಿ ಇಟ್ಟು ಬಂದಳು. ಅದರಲ್ಲಿ ಒಂದು ನಾವು ನೋಡುತ್ತಿದ್ದ ಹಾಗೇ ಕಾಲು ಚಾಚಿ ನಡೆಯಲು ಶುರುಮಾಡಿತು. ಒಳಗೆ ಸನ್ಯಾಸಿ ಏಡಿ ಇತ್ತು.